ಸತ್ಯಕ್ಕೆ ಗಡುವು ಇದೆಯೇ?

ನನ್ನ ಅಜ್ಜನ ಸೈನ್ಯದ ದಾಖಲೆಯಲ್ಲಿ ಎರಡು ತಪ್ಪುಗಳಿದ್ದವು. ಒಂದರಿಂದ ಮನೆಗೆ ನಷ್ಟವಾಗುವ ಭಯವಿತ್ತು, ಇನ್ನೊಂದರಿಂದ ಲಾಭವಾಗುವುದಿತ್ತು. ಮೊದಲನೆಯದನ್ನು ತಿದ್ದಿಸಲು ಹೊರಟೆವು. ಎರಡನೆಯದು ತಾನಾಗಿಯೇ ಎದುರು ಬಂದು ನಿಂತಿತು. ಒಂದೇ ಕಾಗದದಲ್ಲಿ ಎರಡು ತಪ್ಪುಗಳಿದ್ದಾಗ ತಮಗೆ ಬೇಕಾದುದನ್ನಷ್ಟೇ ತಿದ್ದಿಸಿಕೊಂಡು ಸುಮ್ಮನಾಗುವವರನ್ನು ಪ್ರಾಮಾಣಿಕರು ಎನ್ನಬಹುದೇ? ಈ ಪ್ರಶ್ನೆಗೆ ಉತ್ತರ ಸುಲಭ ಎಂದು ಮೊದಲು ಅನಿಸಿತ್ತು. ಒಂದೂವರೆ ವರ್ಷ ಅಜ್ಜನ ಕಾಗದಪತ್ರ ಹಿಡಿದು ಓಡಾಡಿದ ಮೇಲೆ ಹಾಗೆ ಅನಿಸುತ್ತಿಲ್ಲ.

ಅಜ್ಜನ ಊರು ಸೂಡಿ. ಜೋಡು ಕಳಸದ ಗುಡಿ, ನಾಗಕುಂಡ ನೋಡಲು ಬರುವವರಿಗೆ ಗೊತ್ತಿರುವ ಊರು. ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಅಕ್ಕಾದೇವಿ ಆಳಿದ ಕಿಸುಕಾಡು ಎಪ್ಪತ್ತರ ಮುಖ್ಯ ಪಟ್ಟಣ. ಈಗ ಒಕ್ಕಲುತನದ ಹಳ್ಳಿ. ಅಲ್ಲಿಂದ ಅಜ್ಜ 1963ರ ಕೊನೆಗೆ ಸೈನ್ಯಕ್ಕೆ ಹೋದ. ಹಿಂದಿನ ವರ್ಷವಷ್ಟೇ ಚೀನಾದೊಂದಿಗೆ ಯುದ್ಧ ನಡೆದು, ಸೈನ್ಯವನ್ನು ದೊಡ್ಡದು ಮಾಡುವ ಕೆಲಸ ಜೋರಾಗಿ ನಡೆದಿದ್ದ ಕಾಲ. 1965 ಮತ್ತು 1971, ಎರಡೂ ಯುದ್ಧಗಳ ಹೊತ್ತಿನಲ್ಲಿ ಅವನು ಸೇವೆಯಲ್ಲಿದ್ದ. ಜವಾನನಿಗೆ ಪಿಂಚಣಿ ಸಿಗಬೇಕಾದರೆ ಕನಿಷ್ಠ 15 ವರ್ಷದ ಸೇವೆ ಬೇಕು. ಅಜ್ಜ 17 ವರ್ಷ ಮಾಡಿ 1980ರ ಕೊನೆಗೆ ಊರಿಗೆ ಮರಳಿದ.

ಅವನ ಕಾಗದಗಳೆಲ್ಲ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಟ್ರಂಕಿನ ತಳದಲ್ಲಿ ಇರುತ್ತವೆ. ಭರತಿಯಾದ ದಿನ ಬರೆದುಕೊಂಡ ವಿಳಾಸ ಹೀಗಿದೆ: ಊರು ಸೂಡಿ, ತಾಲೂಕು ರೋಣ, ಜಿಲ್ಲೆ ಧಾರವಾಡ, ರಾಜ್ಯ ಮೈಸೂರು. 1973ರಲ್ಲಿ ರಾಜ್ಯದ ಹೆಸರು ಕರ್ನಾಟಕವಾಯಿತು. 1997ರಲ್ಲಿ ಜಿಲ್ಲೆ ಗದಗ ಆಯಿತು. ಈಚೆಗೆ ತಾಲೂಕು ಗಜೇಂದ್ರಗಡವಾಗಿದೆ. ಆ ವಿಳಾಸದಲ್ಲಿ ಇವತ್ತಿಗೂ ಸರಿಯಾಗಿ ಉಳಿದಿರುವುದು ಸೂಡಿ ಎಂಬ ಎರಡಕ್ಷರ ಮಾತ್ರ. ಆದರೂ ಇದನ್ನು ಯಾರೂ ತಪ್ಪು ಎನ್ನುವುದಿಲ್ಲ, ತಿದ್ದಿಸಿಕೊಂಡು ಬಾ ಎಂದು ಯಾವ ಕಚೇರಿಯೂ ಹೇಳುವುದಿಲ್ಲ. ಬರೆದ ದಿನ ಅದು ನಿಜವಾಗಿತ್ತು, ಆಮೇಲೆ ಲೋಕ ಬದಲಾಯಿತು. ನಮ್ಮನ್ನು ಕಾಡಿದ ಎರಡು ತಪ್ಪುಗಳು ಆ ಜಾತಿಯವಲ್ಲ. ಅವು ಬರೆದ ದಿನವೇ ತಪ್ಪಾಗಿದ್ದವು.

ಮೊದಲನೆಯದು ಅಜ್ಜಿಯ ಹೆಸರು. ನಮ್ಮ ಮನೆಯಲ್ಲಿ ಅಜ್ಜಿಗೆ ಆಯಿ ಅನ್ನುತ್ತೇವೆ. ಆಯಿಯ ಹೆಸರು ನಮ್ಮ ಕಡೆಯ ಬಹಳಷ್ಟು ಹೆಣ್ಣುಮಕ್ಕಳ ಹೆಸರಿನ ಹಾಗೆ 'ಅವ್ವ' ಎಂದು ಮುಗಿಯುತ್ತದೆ. ಸೈನಿಕನ ಮದುವೆ, ಮಕ್ಕಳ ಹುಟ್ಟು, ರಜೆ, ಎಲ್ಲವೂ ಪಾರ್ಟ್ ಟೂ ಆರ್ಡರ್ ಎಂಬ ಪಟ್ಟಿಯ ಮೂಲಕ ದಾಖಲೆಗೆ ಸೇರುತ್ತವೆ. ಅಜ್ಜ ರಜೆಯ ಮೇಲೆ ಬಂದು ಮದುವೆಯಾಗಿ ಹೋಗಿ ಹೆಸರು ಹೇಳಿದಾಗ, ಕನ್ನಡ ಬಾರದ ಗುಮಾಸ್ತ ಅದನ್ನು ತನ್ನ ಕಿವಿಗೆ ಬಿದ್ದಂತೆ ಬರೆದುಕೊಂಡ. ಅವ್ವ ಹೋಗಿ 'ಬಾಯಿ' ಬಂತು. ಅಜ್ಜನಿಗೆ ಅದು ಗೊತ್ತಿತ್ತು. "ಅವರ ಮಾತಿನಾಗ ಅವ್ವಗ ಬಾಯಿ ಅಂತಾರ, ಅಷ್ಟ ಅಂತ ತಿಳಕೊಂಡಿದ್ದೆ" ಎನ್ನುತ್ತಾನೆ. ಐವತ್ತು ವರ್ಷ ಅದರಿಂದ ಯಾವ ತೊಂದರೆಯೂ ಆಗಲಿಲ್ಲ. ಬ್ಯಾಂಕಿನವರು ಅಜ್ಜನ ಮುಖ ನೋಡಿ ಪಿಂಚಣಿ ಕೊಡುತ್ತಿದ್ದರು.

ಈಗ ಪಿಂಚಣಿ ಸ್ಪರ್ಶ್ ಎಂಬ ಕಂಪ್ಯೂಟರ್ ವ್ಯವಸ್ಥೆಗೆ ಹೋಗಿದೆ. ನವೆಂಬರಿನಲ್ಲಿ ಬದುಕಿದ್ದೇನೆ ಎಂಬ ಪ್ರಮಾಣಪತ್ರವನ್ನೂ ಅದರಲ್ಲೇ ಕೊಡಬೇಕು. ಕಂಪ್ಯೂಟರಿಗೆ ಅವ್ವ ಬೇರೆ, ಬಾಯಿ ಬೇರೆ. ಪಿಂಚಣಿ ಆದೇಶದಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು ಇದ್ದರೆ ಗಂಡ ತೀರಿಹೋದ ದಿನ ಹೆಂಡತಿ ತಾನು ಹೆಂಡತಿಯೆಂದು ಸಾಬೀತು ಮಾಡಬೇಕಾಗುತ್ತದೆ. ಹತ್ತಿರದ ಊರಿನ ಮಾಜಿ ಸೈನಿಕರೊಬ್ಬರು ತೀರಿಕೊಂಡಾಗ ಅವರ ಹೆಂಡತಿ ಇದೇ ಕಾರಣಕ್ಕೆ ತಿಂಗಳುಗಟ್ಟಲೆ ಕುಟುಂಬ ಪಿಂಚಣಿ ಇಲ್ಲದೆ ಅಲೆದದ್ದನ್ನು ಅಜ್ಜ ನೋಡಿದ್ದ. "ನಾ ಇರೂದ್ರಾಗ ಇದನ್ನ ಸರಿ ಮಾಡಸಬೇಕು" ಎಂದು ನನಗೆ ಫೋನು ಮಾಡಿದ. ನಾನು ಶಾಸನಗಳ ಮೇಲೆ ಸಂಶೋಧನೆ ಮಾಡುವವಳು. ಹಳೆಯ ಕಾಗದ, ಹಳೆಯ ಅಕ್ಷರ ಎಂದರೆ ನನಗೆ ತಿಳಿಯುತ್ತದೆ ಎಂಬುದು ಮನೆಯವರ ನಂಬಿಕೆ.

ಎರಡನೆಯ ತಪ್ಪು ಅಜ್ಜನ ಹುಟ್ಟಿದ ದಿನ. ದಾಖಲೆಯಲ್ಲಿ ಅದು 1945ರ ಜೂನ್ 1. ಜೂನ್ 1ರ ಕಥೆ ಕರ್ನಾಟಕದವರಿಗೆ ಹೇಳಬೇಕಾಗಿಲ್ಲ. ಒಂದು ತಲೆಮಾರಿನ ಅರ್ಧ ಊರು ಅದೇ ದಿನ ಹುಟ್ಟಿದೆ. ಮಗುವನ್ನು ಸಾಲಿಗೆ ಕರೆತಂದಾಗ ತಂದೆತಾಯಿಗೆ ತಾರೀಖು ಗೊತ್ತಿರುತ್ತಿರಲಿಲ್ಲ, ಸಾಲಿ ಶುರುವಾಗುವ ಹೊತ್ತಿಗೆ ವಯಸ್ಸು ತುಂಬಿರಬೇಕಿತ್ತು, ಮಾಸ್ತರರು ಜೂನ್ 1 ಎಂದು ಬರೆಯುತ್ತಿದ್ದರು. ಅಜ್ಜನ ಸಾಲಿಯ ದಾಖಲೆಯಲ್ಲಿರುವುದು 1947ರ ಜೂನ್ 1. ಅವನ ತಾಯಿ ಹೇಳುತ್ತಿದ್ದದ್ದು ಬೇರೆ: ಸ್ವಾತಂತ್ರ್ಯ ಬಂದ ವರ್ಷ, ಸೀಗಿ ಹುಣ್ಣಿಮೆಯ ಮಗ್ಗಲು. ಅಂದರೆ 1947ರ ಅಕ್ಟೋಬರ್. ಭರತಿಗೆ ಹೋದಾಗ ಅವನಿಗೆ ಹದಿನಾರು. ಎತ್ತರ ಅಳೆದರು, ಎದೆ ಅಳೆದರು, ಎರಡೂ ಸರಿಯಿದ್ದವು. ವಯಸ್ಸು ಕೇಳಿದಾಗ ಹದಿನೆಂಟು ಅಂದ. ಹಾಗೆ ಹೇಳಬೇಕೆಂದು ಮೊದಲೇ ಹೋಗಿಬಂದವರು ಕಲಿಸಿದ್ದರು. ಬರೆದುಕೊಳ್ಳುತ್ತಿದ್ದವನು ಒಮ್ಮೆ ಮುಖ ನೋಡಿ, ನಕ್ಕು, ಬರೆದುಕೊಂಡನಂತೆ. ಜೂನ್ 1 ಹಾಗೇ ಉಳಿಯಿತು, ವರ್ಷ ಮಾತ್ರ ಎರಡು ಹಿಂದೆ ಸರಿಯಿತು.

ಸೈನ್ಯದಲ್ಲಿ ಈ ಸುಳ್ಳಿನಿಂದ ಅಜ್ಜನಿಗೆ ಆಮೇಲೆ ಹೆಚ್ಚೇನೂ ಸಿಗಲಿಲ್ಲ. ಜವಾನನ ನಿವೃತ್ತಿ ಮುಖ್ಯವಾಗಿ ಸೇವೆಯ ವರ್ಷಗಳ ಲೆಕ್ಕದ ಮೇಲೆ ನಡೆಯುತ್ತದೆ. ಆದರೆ 2006ರಿಂದ ಜಾರಿಗೆ ಬಂದ ಒಂದು ನಿಯಮವಿದೆ. ಪಿಂಚಣಿದಾರರಿಗೆ 80 ತುಂಬಿದರೆ ಮೂಲ ಪಿಂಚಣಿಯ ಶೇ. 20ರಷ್ಟು ಹೆಚ್ಚು ಸಿಗುತ್ತದೆ, 85ಕ್ಕೆ ಶೇ. 30, 90ಕ್ಕೆ ಶೇ. 40, 95ಕ್ಕೆ ಶೇ. 50, ನೂರಕ್ಕೆ ಇನ್ನೊಂದು ಪಿಂಚಣಿಯಷ್ಟೇ. ದಾಖಲೆಯ ಪ್ರಕಾರ ಅಜ್ಜನಿಗೆ 80 ತುಂಬುವುದು 2025ರ ಜೂನ್‌ನಲ್ಲಿ. ಅವನ ತಾಯಿಯ ಪ್ರಕಾರ 2027ರ ಅಕ್ಟೋಬರ್‌ನಲ್ಲಿ. ನಡುವೆ 28 ತಿಂಗಳು.

ಇದು ನಮಗೆ ಯಾರಿಗೂ ನೆನಪಿರಲಿಲ್ಲ. ನೆನಪು ಮಾಡಿಕೊಟ್ಟದ್ದು ಆಯಿಯ ಹೆಸರಿನ ಅಫಿಡವಿಟ್. ಬಾಂಡ್ ಪೇಪರಿನ ಮೇಲೆ ಇಂಗ್ಲಿಷಿನಲ್ಲಿ ಟೈಪ್ ಮಾಡಿಸಿ ತಂದಿದ್ದೆ. ಸಹಿ ಮಾಡುವ ಮೊದಲು ಓದಿ ಹೇಳು ಅಂದ ಅಜ್ಜ. ಒಂದೊಂದೇ ಸಾಲನ್ನು ಕನ್ನಡದಲ್ಲಿ ಹೇಳುತ್ತ ಹೋದೆ. ಈ ಎರಡೂ ಹೆಸರುಗಳು ಒಬ್ಬಳೇ ವ್ಯಕ್ತಿಯವು. ಆಕೆ ನನ್ನ ಧರ್ಮಪತ್ನಿ. ಆಮೇಲೆ, ಇಂಥ ನಮೂನೆಗಳಲ್ಲಿ ತಾನಾಗಿಯೇ ಬಂದು ಕೂರುವ ಒಂದು ಸಾಲು: ನನ್ನ ಉಳಿದೆಲ್ಲ ವಿವರಗಳು ಸೇವಾ ದಾಖಲೆಯಲ್ಲಿ ಇರುವಂತೆ ಸರಿಯಾಗಿವೆ.

"ಅದು ಖರೆ ಅಲ್ಲಲ್ಲ" ಅಂದ ಅಜ್ಜ.

ಯಾವುದು ಅಂದೆ.

"ಹುಟ್ಟಿದ ತಾರೀಖು."

ಅದು ಬರೀ ನಮೂನೆ ಅಜ್ಜಾ, ಎಲ್ಲರ ಅಫಿಡವಿಟ್‌ನಲ್ಲೂ ಇರುತ್ತದೆ ಅಂದೆ. ಅವನು ಪೆನ್ನು ಕೆಳಗಿಟ್ಟ. ನಾವು ಮರುದಿನ ಆ ಸಾಲನ್ನು ತೆಗೆಸಿ ಬೇರೆ ಬಾಂಡ್ ಮಾಡಿಸಿದೆವು. ಟೈಪ್ ಮಾಡುವವನು ನನ್ನನ್ನು ವಿಚಿತ್ರವಾಗಿ ನೋಡಿದ. ಇಷ್ಟು ವರ್ಷದಲ್ಲಿ ಆ ಸಾಲನ್ನು ಓದಿದವರು ನೀವೇ ಮೊದಲು ಅಂದ.

ಸುಳ್ಳು ಹೇಳುವುದಕ್ಕೂ ಸುಮ್ಮನಿರುವುದಕ್ಕೂ ವ್ಯತ್ಯಾಸವಿದೆ ಎಂದು ನಾವೆಲ್ಲ ನಂಬುತ್ತೇವೆ. ಸಾಲನ್ನು ತೆಗೆಸಿದ ಮೇಲೆ ಅಜ್ಜ ಸುಳ್ಳು ಹೇಳಿದಂತಾಗಲಿಲ್ಲ, ಕೇಳದೇ ಇದ್ದದ್ದನ್ನು ಹೇಳಲಿಲ್ಲ ಅಷ್ಟೇ. ನನಗೆ ಅಲ್ಲಿಗೆ ಸಮಾಧಾನವಾಗಿತ್ತು, ಅಜ್ಜನಿಗೆ ಆಗಲಿಲ್ಲ. ಪ್ರತಿ ತಿಂಗಳೂ ಒಂದು ಮೊತ್ತ ಖಾತೆಗೆ ಬಂದು ಬೀಳುತ್ತಿರುವಾಗ ಸುಮ್ಮನಿರುವುದೂ ಪ್ರತಿ ತಿಂಗಳೂ ಮಾಡುವ ಕೆಲಸವೇ. ಹದಿನಾರನೇ ವಯಸ್ಸಿನಲ್ಲಿ ಒಂದು ಸಲ ಹೇಳಿದ ಸುಳ್ಳನ್ನು ಎಪ್ಪತ್ತೇಳನೇ ವಯಸ್ಸಿನಲ್ಲಿ ತಿಂಗಳಿಗೊಮ್ಮೆ ಹೇಳಿದ ಹಾಗೆ. ಇದನ್ನು ಅವನು ಹೀಗೆ ಹೇಳಲಿಲ್ಲ. "ಹೆಸರು ಆಗ್ಲಿ ಮೊದಲ. ಆಮ್ಯಾಲೆ ಇನ್ನೊಂದು ಅರ್ಜಿ ಬರದು ಕೊಡ ನೀ" ಅಂದ, ಅಷ್ಟೇ.

ನಾನು ಅವನನ್ನು ತಡೆಯಲು ನೋಡಿದೆ. ನನ್ನ ವಾದಗಳನ್ನು ಇಲ್ಲಿ ಬರೆಯುತ್ತೇನೆ, ಏಕೆಂದರೆ ಅವುಗಳಲ್ಲಿ ಒಂದೆರಡು ಈಗಲೂ ನನಗೆ ಸರಿ ಅನಿಸುತ್ತವೆ.

ಮೊದಲ ವಾದ, ಎಲ್ಲರದೂ ಹೀಗೇ ಇದೆ ಎಂಬುದು. ಇಡೀ ಊರೇ ಜೂನ್ 1ರಂದು ಹುಟ್ಟಿರುವಾಗ ನಿನ್ನೊಬ್ಬನ ತಾರೀಖು ತಪ್ಪು ಎನ್ನುವುದರಲ್ಲಿ ಏನರ್ಥ? ಅಜ್ಜ ಇದಕ್ಕೆ ಉತ್ತರವನ್ನೇ ಕೊಡಲಿಲ್ಲ. ಉತ್ತರ ನನಗೇ ಹೊಳೆಯಿತು. ಜೂನ್ 1 ಎಂದು ಬರೆದ ಮಾಸ್ತರರಿಗೂ ಗೊತ್ತಿತ್ತು, ತಂದೆತಾಯಿಗೂ ಗೊತ್ತಿತ್ತು, ಅದು ಅಂದಾಜು ಎಂದು. ಅಲ್ಲಿ ಯಾರೂ ಯಾರನ್ನೂ ನಂಬಿಸಲು ಹೊರಟಿರಲಿಲ್ಲ. ಜೂನ್ 1 ಊರೆಲ್ಲ ಸೇರಿ ಆಡಿದ ಮಾತು. 1945 ಮಾತ್ರ ಅಜ್ಜನೊಬ್ಬನದು.

ಎರಡನೆಯ ವಾದ ಲೆಕ್ಕದ್ದು. ಸೈನ್ಯದಿಂದ ಬಂದ ಮೇಲೆ ಅಜ್ಜ ಒಂದು ಬ್ಯಾಂಕಿನಲ್ಲಿ ಗಾರ್ಡ್ ಆಗಿದ್ದ. ಅಲ್ಲಿ ನಿವೃತ್ತಿ 60ಕ್ಕೆ. ದಾಖಲೆಯ ವಯಸ್ಸಿನಿಂದಾಗಿ 2005ರಲ್ಲೇ ಮನೆಗೆ ಕಳಿಸಿದರು. ನಿಜವಾದ ವಯಸ್ಸು ಬರೆಸಿದ್ದರೆ ಇನ್ನೂ 28 ತಿಂಗಳ ಪೂರ್ತಿ ಪಗಾರ ಸಿಗುತ್ತಿತ್ತು. ಈಗ 28 ತಿಂಗಳು ಪಿಂಚಣಿಯ ಐದನೇ ಒಂದು ಭಾಗ ಹೆಚ್ಚು ಬಂದರೆ, ಕಳೆದುಕೊಂಡದ್ದರ ಮುಂದೆ ಅದು ಏನೂ ಅಲ್ಲ. ಸುಳ್ಳು ನಿನ್ನಿಂದ ಕಸಿದುಕೊಂಡದ್ದೇ ಹೆಚ್ಚು ಅಜ್ಜಾ, ಅಂದೆ. ಅವನು ಸ್ವಲ್ಪ ಹೊತ್ತು ಯೋಚಿಸಿ ಹೇಳಿದ:

"ಅವರು ನನಗ ಕೊಡಬೇಕಾದ್ದು ಅವರಿಗೆ ಗೊತ್ತಿಲ್ಲ. ನಾ ಅವರಿಗೆ ಕೊಡಬೇಕಾದ್ದು ನನಗ ಗೊತ್ತೈತಿ."

ಈ ಮಾತಿನ ಬಗ್ಗೆ ನಾನು ಬಹಳ ಯೋಚಿಸಿದ್ದೇನೆ. ನಷ್ಟ ಲಾಭಗಳನ್ನು ಕೂಡಿ ಕಳೆದು ಸೊನ್ನೆ ಬಂದರೆ ತಪ್ಪು ಅಳಿಸಿಹೋಗುತ್ತದೆ ಎಂಬುದು ನನ್ನ ವಾದದ ಬುಡ. ಹಾಗಿದ್ದರೆ ಸಾಕಷ್ಟು ಕಷ್ಟಪಟ್ಟವರೆಲ್ಲ ಸುಳ್ಳು ಹೇಳುವ ಹಕ್ಕನ್ನು ಗಳಿಸಿಕೊಂಡಿರುತ್ತಾರೆ. ನಮ್ಮಲ್ಲಿ ಬಹಳ ಜನ ಹಾಗೆಯೇ ಬದುಕುತ್ತೇವೆ: ಸರ್ಕಾರ ನಮಗೆ ಎಷ್ಟು ಮೋಸ ಮಾಡಿಲ್ಲ, ನಾವು ಇಷ್ಟು ಮಾಡಿದರೆ ಏನಾಯಿತು? ಅಜ್ಜನಿಗೆ ಅವೆರಡೂ ಒಂದೇ ಚೋಪಡಿಯಲ್ಲಿ ಬರೆಯುವ ಲೆಕ್ಕಗಳಾಗಿರಲಿಲ್ಲ.

ಮೂರನೆಯ ವಾದವೇ ಗಟ್ಟಿಯಾದದ್ದು, ಈಗಲೂ ನನಗೆ ಅದು ಗಟ್ಟಿಯಾಗಿಯೇ ಕಾಣುತ್ತದೆ. ಭರತಿಯಲ್ಲಿ ವಯಸ್ಸು ಸುಳ್ಳು ಹೇಳಿದ್ದೇನೆ ಎಂದು ನೀನೇ ಬರೆದು ಕೊಟ್ಟರೆ ಅದನ್ನು ಯಾರು ಹೇಗೆ ಓದುತ್ತಾರೋ ಗೊತ್ತಿಲ್ಲ. ಕಡತವೇ ನಿಂತುಹೋಗಬಹುದು. ಆಗ ತೊಂದರೆಯಾಗುವುದು ನಿನಗಿಂತ ಹೆಚ್ಚಾಗಿ ಆಯಿಗೆ. ನಿನ್ನ ಸತ್ಯದ ಬೆಲೆಯನ್ನು ಅವಳು ಯಾಕೆ ತೆರಬೇಕು?

ಸತ್ಯದ ಕಥೆ ಎಂದು ನಮಗೆ ಚಿಕ್ಕಂದಿನಿಂದ ಹೇಳಿಕೊಟ್ಟವುಗಳನ್ನು ಈ ಪ್ರಶ್ನೆ ಹಿಡಿದು ಮತ್ತೆ ನೋಡಬೇಕು. ಗೋವಿನ ಹಾಡಿನಲ್ಲಿ ಪುಣ್ಯಕೋಟಿ ಮಾತು ಉಳಿಸಿಕೊಳ್ಳಲು ಹುಲಿಯ ಬಳಿಗೆ ಮರಳುತ್ತಾಳೆ. ಹುಲಿ ಅವಳನ್ನು ತಿಂದಿದ್ದರೆ ತಬ್ಬಲಿಯಾಗುತ್ತಿದ್ದುದು ಕರು. ರಾಘವಾಂಕನ ಹರಿಶ್ಚಂದ್ರನಂತೂ ಹೆಂಡತಿ ಮಗನನ್ನೇ ಮಾರಿದ. ಮಾರಾಟವಾದ ಚಂದ್ರಮತಿಯ ಹೆಸರಿನ ಹಿಂದೆ ನಾವು 'ಸತ್ಯ' ಸೇರಿಸುವುದಿಲ್ಲ. ಆ ಕಥೆಗಳಲ್ಲಿ ಕೊನೆಗೆ ಹುಲಿ ಪ್ರಾಣ ಬಿಡುತ್ತದೆ, ಶಿವ ಪ್ರತ್ಯಕ್ಷನಾಗುತ್ತಾನೆ, ಎಲ್ಲರ ಬೆಲೆಯೂ ಮರಳಿ ಬರುತ್ತದೆ. ಪಿಂಚಣಿ ಕಚೇರಿಯಲ್ಲಿ ಶಿವ ಪ್ರತ್ಯಕ್ಷನಾಗುವ ಭರವಸೆ ಇಲ್ಲ. ಹಾಗಿರುವಾಗ, ಇನ್ನೊಬ್ಬರ ತಟ್ಟೆಗೆ ಕೈಯಿಟ್ಟು ಸತ್ಯ ಹೇಳುವುದು ಪುಣ್ಯವೋ ಸ್ವಾರ್ಥವೋ? ತನ್ನ ಮನಸ್ಸು ಹಗುರವಾಗಬೇಕೆಂಬ ಆಸೆಯೂ ಒಂದು ಆಸೆಯೇ ಅಲ್ಲವೇ?

ಈ ವಾದಕ್ಕೆ ಅಜ್ಜ ಸೋತ. "ಹೌದು, ಅಕೀನ್ನ ಕೇಳಬೇಕು" ಅಂದ. ಅವರ ಮದುವೆಯಾಗಿ ಅರ್ಧ ಶತಮಾನ ದಾಟಿದೆ. ಇಂಥದೊಂದು ವಿಷಯಕ್ಕೆ ಅವಳನ್ನು ಕೇಳಬೇಕು ಅಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಆಯಿ ಜೋಳ ಹಸನು ಮಾಡುತ್ತ ಕೂತಿದ್ದಳು. ಪೂರ್ತಿ ಕೇಳಿಸಿಕೊಂಡು, "ಮೊದಲ ನನ್ನ ಹೆಸರು ಬರ್ಲಿ. ಬಂದ ಮ್ಯಾಲೆ ಏನರ ಬರಕೋರಿ" ಅಂದಳು. ಅದರಲ್ಲಿ ಒಪ್ಪಿಗೆಯೂ ಇತ್ತು, ಶರತ್ತೂ ಇತ್ತು.

ನಾಲ್ಕನೆಯದು ಕಾನೂನಿನ ವಾದ. ಹುಟ್ಟಿದ ದಿನವನ್ನು ಯಾವಾಗ ಬೇಕಾದರೂ ತಿದ್ದಿಸಲು ಬರುವುದಿಲ್ಲ. ಕೇಂದ್ರ ಸರ್ಕಾರದ ಸಿವಿಲ್ ನೌಕರರು ಕೆಲಸಕ್ಕೆ ಸೇರಿದ ಐದು ವರ್ಷದೊಳಗೆ ಕೇಳಬೇಕು. ಕರ್ನಾಟಕದಲ್ಲಿ 1974ರ ಕಾಯ್ದೆಯ ಪ್ರಕಾರ ರಾಜ್ಯ ಸರ್ಕಾರಿ ನೌಕರರಿಗೆ ಮೂರು ವರ್ಷದ ಗಡುವು. ಕರ್ನಾಟಕದ ನಿಗಮವೊಂದರ ನೌಕರರ ಪ್ರಕರಣದಲ್ಲಿ 2021ರಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಸ್ಪಷ್ಟವಾಗಿ ಹೇಳಿತು: ಎಷ್ಟೇ ಬಲವಾದ ಪುರಾವೆ ಇದ್ದರೂ ಜನ್ಮದಿನಾಂಕದ ಬದಲಾವಣೆಯನ್ನು ಹಕ್ಕೆಂದು ಕೇಳಲಾಗದು, ತಡವಾಗಿ ಬಂದರೆ ಅಷ್ಟಕ್ಕೇ ತಿರಸ್ಕರಿಸಬಹುದು. ಸೇನಾ ಮುಖ್ಯಸ್ಥರಾಗಿದ್ದ ಜನರಲ್ ವಿ.ಕೆ. ಸಿಂಗ್ ಅವರ ವಿಷಯ ಎಲ್ಲರಿಗೂ ನೆನಪಿದೆ. ಸೈನ್ಯದ ಒಂದು ಶಾಖೆಯ ದಾಖಲೆಯಲ್ಲಿ ಅವರು ಹುಟ್ಟಿದ್ದು 1951ರ ಮೇ 10, ಇನ್ನೊಂದು ಶಾಖೆಯಲ್ಲಿ 1950ರ ಮೇ 10. ಅವರು ಸುಪ್ರೀಂ ಕೋರ್ಟಿಗೆ ಹೋದರು. 2012ರ ಫೆಬ್ರುವರಿಯಲ್ಲಿ ಕೋರ್ಟ್ ಮಧ್ಯೆ ಬರಲು ಒಪ್ಪಲಿಲ್ಲ, ಅವರು ಅರ್ಜಿ ಹಿಂತೆಗೆದುಕೊಂಡರು, ಮೇ ಕೊನೆಗೆ ನಿವೃತ್ತರಾದರು. ಅಂದು ಕೋರ್ಟ್ ಹೇಳಿದ ಮಾತಿನ ಸಾರ ಇದು: ನಮ್ಮ ಮುಂದಿರುವ ಪ್ರಶ್ನೆ ನೀವು ನಿಜವಾಗಿ ಯಾವಾಗ ಹುಟ್ಟಿದಿರಿ ಎಂಬುದಲ್ಲ, ಸೇವಾ ದಾಖಲೆ ಯಾವ ದಿನವನ್ನು ಒಪ್ಪಿಕೊಂಡಿದೆ ಎಂಬುದು.

ಮೊದಲು ಓದಿದಾಗ ಈ ಮಾತು ನನಗೆ ಕ್ರೂರ ಅನಿಸಿತ್ತು. ಸತ್ಯಕ್ಕೂ ಗಡುವು ಹಾಕುವುದೇ? ಆದರೆ ಕಾರಣವಿದೆ. ನಿವೃತ್ತಿ ಹತ್ತಿರವಾದಾಗ ವಯಸ್ಸು ಕಡಿಮೆ ಎಂದು ನೆನಪಾಗುವವರು ಬಹಳ. ಒಬ್ಬರ ತಾರೀಖು ಸರಿದರೆ ಹಿಂದೆ ಕಾದು ನಿಂತವರ ಬಡ್ತಿಯೆಲ್ಲ ಸರಿಯುತ್ತದೆ. ಕೆಲವು ಸಂಗತಿಗಳನ್ನು ಒಂದು ದಿನಕ್ಕೆ ಮುಗಿಯಿತು ಎನ್ನದಿದ್ದರೆ ಹತ್ತಾರು ಜನ ಒಟ್ಟಿಗೆ ಬದುಕಲು ಆಗುವುದಿಲ್ಲ. ಕಾನೂನು ಇಲ್ಲಿ ಸತ್ಯವನ್ನು ತಳ್ಳಿಹಾಕುತ್ತಿಲ್ಲ. ತಡವಾಗಿ ಬಂದ ಸತ್ಯ ಹೆಚ್ಚಾಗಿ ಲಾಭದ ಕೈಹಿಡಿದು ಬರುತ್ತದೆ ಎಂಬ ಅನುಭವದ ಮೇಲೆ ಸಂಶಯಪಡುತ್ತಿದೆ. ಆ ಸಂಶಯ ಅಜ್ಜನಿಗೆ ಅನ್ವಯಿಸುವುದಿಲ್ಲ ಎಂಬುದೇ ಇಲ್ಲಿಯ ತೊಡಕು. ಅವನು ವಯಸ್ಸು ಕಡಿಮೆ ಮಾಡಿಸಿಕೊಂಡು ಕಳೆದುಕೊಳ್ಳಲು ಹೊರಟಿದ್ದ.

ಸೂಡಿಯಲ್ಲಿ ಕೂತು ಇದನ್ನೆಲ್ಲ ಯೋಚಿಸುವಾಗ ನನಗೆ ಆ ಊರಿನದೇ ಇನ್ನೊಂದು ದಾಖಲೆ ನೆನಪಾಗುತ್ತಿತ್ತು. ಸೂಡಿಯ ಕಲ್ಲಿನ ಶಾಸನಗಳನ್ನು ಎಲ್.ಡಿ. ಬಾರ್ನೆಟ್ ಎಪಿಗ್ರಾಫಿಯಾ ಇಂಡಿಕಾದ 15ನೇ ಸಂಪುಟದಲ್ಲಿ ಪ್ರಕಟಿಸಿದ್ದಾರೆ. ಅದಕ್ಕೂ ಮೊದಲು, 1890ರ ದಶಕದಲ್ಲಿ, ಅದೇ ಮಾಲೆಯ 3ನೇ ಸಂಪುಟದಲ್ಲಿ ಜೆ.ಎಫ್. ಫ್ಲೀಟ್ ಸೂಡಿಯ ಒಂದು ತಾಮ್ರಪಟವನ್ನು ಪ್ರಕಟಿಸಿದರು. ಗಂಗ ದೊರೆ ಇಮ್ಮಡಿ ಬೂತುಗ, ತನ್ನ ರಾಣಿ ದೀವಳಾಂಬೆ ಕಟ್ಟಿಸಿದ ಬಸದಿಗೆ ಭೂಮಿ ಬಿಟ್ಟ ದಾನಪತ್ರ ಅದು. ಅದರಲ್ಲಿರುವ ಕಾಲ ಶಕ 860, ಅಂದರೆ ಕ್ರಿ.ಶ. 938. ಫ್ಲೀಟ್ ಅದನ್ನು ಕೂಟಶಾಸನ ಎಂದರು. ಹೇಳಿಕೊಂಡ ಕಾಲದ್ದಲ್ಲ, ಆಮೇಲೆ ಯಾರೋ ಹುಟ್ಟಿಸಿದ್ದು ಎಂದು ಅದರ ಅರ್ಥ. ಭಾರತದ ಶಾಸನಗಳಲ್ಲಿ ಇಂಥವು ಬೇಕಾದಷ್ಟಿವೆ. ಕೆಲವನ್ನು ಭೂಮಿ ಹೊಡೆಯಲು ಮಾಡಿದ್ದಾರೆ. ಇನ್ನು ಕೆಲವನ್ನು, ನಿಜವಾಗಿ ಕೊಟ್ಟ ದಾನದ ಪತ್ರ ಕಳೆದುಹೋದಾಗಲೋ ಬಾಯಿಮಾತಿನ ಹಕ್ಕಿಗೆ ಪುರಾವೆ ಬೇಕಾದಾಗಲೋ ಬರೆಸಿದ್ದಾರೆ. ಎರಡನೆಯ ಬಗೆಯವುಗಳಲ್ಲಿ ಪತ್ರ ಸುಳ್ಳು, ದಾನ ನಿಜ. ಅಜ್ಜನ ವಿಷಯದಲ್ಲೂ ಹಾಗೆ. ತಾರೀಖು ಸುಳ್ಳು, ಅದರ ಕೆಳಗಿನ 17 ವರ್ಷ ನಿಜ.

ಇನ್ನೊಂದು ಸಣ್ಣ ಸಂಗತಿ. ದೀವಳಾಂಬೆಯ ಹೆಸರಿನ ಕೊನೆಗಿರುವ 'ಅಂಬೆ'ಗೂ ಅವ್ವ ಎಂದೇ ಅರ್ಥ. ಊರಲ್ಲಿ ಅವಳನ್ನು ಏನೆಂದು ಕೂಗುತ್ತಿದ್ದರೋ, ಬರೆಯುವವನ ಭಾಷೆಯಲ್ಲಿ ಅವಳು ಅಂಬೆ. ಸಾವಿರ ವರ್ಷದ ಹಿಂದೆಯೂ ಹೆಂಡತಿಯ ಹೆಸರು ಗಂಡನ ದಾಖಲೆಯಲ್ಲಿ ಬರೆಯುವವನ ಬಾಯಿಗೆ ತಕ್ಕಂತೆ ಬಂದಿತ್ತೇ ಎಂದು ನಾನೊಮ್ಮೆ ಆಯಿಯ ಮುಂದೆ ಹೇಳಿದೆ. ಅವಳಿಗೆ ರಾಣಿಯ ಹೋಲಿಕೆ ಖುಷಿ ಕೊಟ್ಟಿತು.

ಶಾಸನ ಓದುವವರಿಗೆ ಒಂದು ಶಿಸ್ತಿದೆ. ಕಲ್ಲಿನಲ್ಲಿ ತಪ್ಪಿದ್ದರೆ ಪಾಠದಲ್ಲಿ ತಪ್ಪನ್ನೇ ಕೊಡಬೇಕು, ಸರಿಯಾದ ರೂಪವನ್ನು ಅಡಿಟಿಪ್ಪಣಿಯಲ್ಲಿ ಹೇಳಬೇಕು. ಓಲೆಗರಿ ಬರೆಯುವವರೂ ಅಕ್ಷರ ಬಿಟ್ಟುಹೋದಲ್ಲಿ ಹಂಸಪಾದದ ಗುರುತು ಹಾಕಿ ಪಕ್ಕದಲ್ಲಿ ಬರೆಯುತ್ತಿದ್ದರು. ತಾಮ್ರಪಟದಲ್ಲಿ ಮಾತ್ರ ಕೆಲವೊಮ್ಮೆ ತಪ್ಪಾದ ಜಾಗವನ್ನು ಬಡಿದು ಸಮಮಾಡಿ ಮತ್ತೆ ಕೆತ್ತುತ್ತಿದ್ದರು. ಅಲ್ಲಿಯೂ ಹಳೆಯ ಗೀರು ಮಸುಕಾಗಿ ಉಳಿಯುತ್ತದೆ. 2025ರ ಆರಂಭದಲ್ಲಿ ಆಯಿಯ ಹೆಸರು ಸರಿಯಾಗಿ ಬಂದಾಗಲೂ ಹಾಗೇ ಆಯಿತು. ಹಳೆಯ ಆದೇಶ ರದ್ದಾಗಲಿಲ್ಲ. ತಿದ್ದುಪಡಿಯ ಆದೇಶ ಎಂಬ ಇನ್ನೊಂದು ಹಾಳೆ ಬಂತು, ಅದನ್ನು ಹಳೆಯದರ ಜೊತೆ ಇಡಬೇಕು. 'ಬಾಯಿ' ಅಲ್ಲೇ ಇದ್ದಾಳೆ, 'ಅವ್ವ' ಅವಳ ಪಕ್ಕ ಬಂದು ನಿಂತಿದ್ದಾಳೆ. ಆಯಿ ಆ ಹಾಳೆಯ ಮೇಲೆ ಬೆರಳಿಟ್ಟು ಎಲ್ಲಿದೆ ತೋರಿಸು ಅಂದಳು. ತೋರಿಸಿದೆ. ಓದಲು ಬಾರದಿದ್ದರೂ ಬಹಳ ಹೊತ್ತು ನೋಡಿದಳು.

ಹೀಗೆ ತಪ್ಪನ್ನು ಅಳಿಸದೆ, ಅದರ ಪಕ್ಕದಲ್ಲಿ ನಿಜವನ್ನು ಬರೆದಿಡುವುದೇ ತಿದ್ದುವುದರ ಸರಿಯಾದ ರೀತಿ ಎಂದು ನಾನು ಅಜ್ಜನಿಗೆ ಹೇಳಿದೆ. ನಿನ್ನ ತಾರೀಖಿಗೂ ಹಾಗೇ ಮಾಡೋಣ, ಮನೆಯಲ್ಲೇ ಒಂದು ಕಾಗದದಲ್ಲಿ ಬರೆದು ಟ್ರಂಕಿನಲ್ಲಿ ಇಡೋಣ, ಅಂದೆ. ಅವನು ನಕ್ಕ. ಸತ್ತು ಸಾವಿರ ವರ್ಷವಾದವರ ದಾಖಲೆಗೆ ಅಡಿಟಿಪ್ಪಣಿ ಹಾಕುವುದರಿಂದ ಯಾರ ಖಾತೆಗೂ ರೊಕ್ಕ ಬರುವುದೂ ಇಲ್ಲ, ಹೋಗುವುದೂ ಇಲ್ಲ ಎಂಬುದು ಅವನಿಗೆ ನನಗಿಂತ ಚೆನ್ನಾಗಿ ತಿಳಿದಿತ್ತು. "ಪೆಟ್ಟಿಗ್ಯಾಗ ಇಟ್ರ ಅವರಿಗೆ ಹೆಂಗ ಗೊತ್ತಾಗತೈತಿ?" ಅಂದ.

ಏಪ್ರಿಲ್‌ನಲ್ಲಿ ಅರ್ಜಿ ಬರೆದೆವು. ಒಂದೇ ಪುಟ. ಸಾಲಿಯ ದಾಖಲೆಯ ನಕಲು ಜೊತೆಗಿಟ್ಟೆವು. ಬರೆದವಳು ನಾನು. ಅಲ್ಲಿಯೂ ನಾನೊಂದು ಸಣ್ಣ ಜಾಣತನ ಮಾಡಲು ನೋಡಿದೆ: 'ತಪ್ಪಾಗಿ ದಾಖಲಾಗಿದೆ' ಎಂದು ಬರೆದಿದ್ದೆ. ಯಾರು ಮಾಡಿದ ತಪ್ಪು ಎಂಬುದು ಆ ವಾಕ್ಯದಲ್ಲಿ ಕಾಣುವುದಿಲ್ಲ. ಅಜ್ಜ ಓದಿಸಿಕೊಂಡು, 'ನಾನು ತಪ್ಪಾಗಿ ಹೇಳಿದ್ದೆ' ಎಂದು ಮಾಡಿಸಿದ. ಇಂಗ್ಲಿಷಿನಲ್ಲೂ ಹಾಗೇ ಬಂದಿದೆಯೇ ಎಂದು ಎರಡು ಸಲ ಕೇಳಿದ.

ಆಗಸ್ಟ್‌ನಲ್ಲಿ ಉತ್ತರ ಬಂತು. ಎರಡು ಸಾಲು. ಭರತಿಯ ವೇಳೆ ದಾಖಲಾದ ಜನ್ಮದಿನಾಂಕವನ್ನು ಈ ಹಂತದಲ್ಲಿ ಬದಲಿಸಲು ಅವಕಾಶವಿಲ್ಲ. ಆ ಹೊತ್ತಿಗಾಗಲೇ ಜೂನ್‌ನಿಂದ ಹೆಚ್ಚಿನ ಪಿಂಚಣಿ ಖಾತೆಗೆ ಬರತೊಡಗಿತ್ತು. ನಮ್ಮ ಅರ್ಜಿಯನ್ನು ಯಾರಾದರೂ ಓದಿದರೋ, ಜನ್ಮದಿನಾಂಕ ಎಂಬ ಶಬ್ದ ನೋಡಿ ನಮೂನೆಯ ಉತ್ತರ ಕಳಿಸಿದರೋ ತಿಳಿಯದು. ಲಾಭಕ್ಕಾಗಿ ಬರುವವರನ್ನು ತಡೆಯಲು ಹಾಕಿದ ಬಾಗಿಲು ನಷ್ಟ ಮಾಡಿಕೊಳ್ಳಲು ಬಂದವನನ್ನೂ ತಡೆಯಿತು. ನಿಜ ಹೇಳಬೇಕೆಂದರೆ ನನಗೆ ಹಾಯೆನಿಸಿತು. ಅಜ್ಜ ಹೇಳುವುದನ್ನು ಹೇಳಿದ, ಆಯಿಯ ಪಿಂಚಣಿಗೂ ಧಕ್ಕೆಯಾಗಲಿಲ್ಲ. ಇನ್ನು ಆ ರೊಕ್ಕ ಅವರೇ ತಿಳಿದು ಕೊಟ್ಟದ್ದು. ಹೀಗೆಂದು ಅಜ್ಜನಿಗೂ ಹೇಳಿದೆ.

ಅಜ್ಜ ಅರ್ಧ ಒಪ್ಪಿದ. ಸುಳ್ಳಿನ ಭಾರ ಇಳಿಯಿತು ಎಂಬುದನ್ನು ಒಪ್ಪಿದ. ರೊಕ್ಕದ ವಿಷಯ ಒಪ್ಪಲಿಲ್ಲ. ಹೆಚ್ಚಿಗೆ ಬಂದದ್ದನ್ನು ತಿಂಗಳು ತಿಂಗಳು ಬಿಡಿಸಿ ಪೋಸ್ಟಿನಲ್ಲಿ ಬೇರೆ ಖಾತೆ ತೆಗೆದು ಇಡುತ್ತಿದ್ದಾನೆ. 2027ರ ಸೀಗಿ ಹುಣ್ಣಿಮೆಗೆ ತನಗೆ ಖರೇ ಎಂಬತ್ತು ತುಂಬುತ್ತದೆ, ಅಲ್ಲಿಂದ ಮುಂದಿನದು ತನ್ನದು, ಅಲ್ಲಿಯವರೆಗಿನದು ಅವರದು. ಮರಳಿ ಕಟ್ಟುವ ದಾರಿ ಯಾವುದು ಎಂದು ಬ್ಯಾಂಕಿನಲ್ಲಿ ಕೇಳಿದ. ಅಂಥ ಫಾರ್ಮೇ ಇಲ್ಲ ಅಂದರಂತೆ.

ದಾಖಲೆಯ ಸತ್ಯಕ್ಕೆ ಗಡುವಿದೆ, ಅದಕ್ಕೆ ಒಳ್ಳೆಯ ಕಾರಣಗಳೂ ಇವೆ ಎಂದು ನಾನು ಈಗ ಒಪ್ಪುತ್ತೇನೆ. ಆ ಗಡುವು ದಾಖಲೆಯನ್ನು ಮುಟ್ಟುತ್ತದೆಯೇ ಹೊರತು ಅದರೊಳಗಿನ ಮನುಷ್ಯನನ್ನಲ್ಲ. ಕಚೇರಿ ಮುಗಿಯಿತು ಅಂದ ಮೇಲೂ ಅಜ್ಜನ ಪಾಲಿಗೆ ಮುಗಿದಿಲ್ಲ. ಆದರೆ ಮುಂದೇನು ಮಾಡಬೇಕು ಎಂಬುದನ್ನು ಹೇಳುವವರೂ ಯಾರೂ ಇಲ್ಲ. ತೆಗೆದುಕೊಳ್ಳುವವರಿಲ್ಲದ ಸಾಲವನ್ನು ತೀರಿಸುವುದು ಹೇಗೆ? ಒಬ್ಬ ಬಡ ಹುಡುಗನ ಓದಿಗೆ ಕೊಡು ಅಂದೆ. "ಅವರ ರೊಕ್ಕ ಕೊಟ್ಟು ನಾ ಪುಣ್ಯ ತಗೊಳ್ಳಲೇನು?" ಅಂದ.

ಮೊನ್ನೆ ದೀಪಾವಳಿಗೆ ಹೋದಾಗ ಪೋಸ್ಟಿನ ಪಾಸ್‌ಬುಕ್ ತೋರಿಸಿದ. ಆಯಿ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತಳು.

"ಸೀಗಿ ಹುಣ್ಣಿಮಿ ಇನ್ನೂ ಎರಡು ವರ್ಷ ಐತಿ. ಅದರಕಿಂತ ಮೊದಲ ನೀವು ಹ್ವಾದ್ರ, ಇದು ಯಾರ ರೊಕ್ಕ?"

ಅಜ್ಜ ನನ್ನ ಮುಖ ನೋಡಿದ. ಆ ಖಾತೆಗೆ ವಾರಸುದಾರಳಾಗಿ ಆಯಿಯ ಹೆಸರನ್ನೇ ಬರೆಸಿದ್ದಾನೆ, ಅವ್ವ ಎಂದೇ, ಸರಿಯಾಗಿ. ಇನ್ನೂ ಮೂವರಲ್ಲಿ ಯಾರಿಗೂ ಉತ್ತರ ಹೊಳೆದಿಲ್ಲ.